ನಾಲಿಗೆ ಆಪರೇಷನ್ ಆದ ಮೇಲೆ ಸ್ಪೀಚ್ ಥೆರಪಿ: ಎಲ್ಲಿ ಹೋದೆ, ಯಾವುದು ಕೆಲಸ ಮಾಡಿತು

ಮೊದಲೇ ಹೇಳಿಬಿಡುತ್ತೇನೆ, ನಾಲಿಗೆ ಕ್ಯಾನ್ಸರ್‌ಗೆ ಆಪರೇಷನ್ ಆದವರು ಸ್ಪೀಚ್ ಥೆರಪಿಗೆ ಹೋಗಲೇಬೇಕು. ಮನೆಯವರಿಗೆ ಅರ್ಥ ಆಗುತ್ತಲ್ಲ, ಸಾಕು ಬಿಡು ಅಂತ ನಿಲ್ಲಿಸಬೇಡಿ. ನೀವು ಬಾಯಿ ತೆರೆಯುವ ಮೊದಲೇ ಮನೆಯವರಿಗೆ ಅರ್ಧ ಗೊತ್ತಿರುತ್ತದೆ. ಬಸ್ ಕಂಡಕ್ಟರಿಗೆ, ಬ್ಯಾಂಕ್ ಕೌಂಟರಿನಲ್ಲಿ ಕೂತವರಿಗೆ, ಫೋನಿನ ಆ ಕಡೆ ಇರುವವರಿಗೆ ಅರ್ಥ ಆಗಬೇಕು. ಅಲ್ಲಿಗೆ ನನ್ನನ್ನು ತಂದಿದ್ದು ಥೆರಪಿ. ಆದರೆ ಎಲ್ಲಾ ಕಡೆಯ ಥೆರಪಿಯೂ ಒಂದೇ ಅಲ್ಲ. ಒಂದು ಕಡೆ ದುಡ್ಡೂ ಹೋಯಿತು, ಸಮಯವೂ ಹೋಯಿತು. ಇನ್ನೊಂದು ಕಡೆ ಮಾತು ಸಿಕ್ಕಿತು. ಎರಡನ್ನೂ ಬರೆಯುತ್ತೇನೆ, ಜೊತೆಗೆ ಈ ನಡುವೆ ಕೊಂಡ, ಮಾಡಿಸಿದ, ಬಳಸಿದ ಸಾಮಾನುಗಳ ಬಗ್ಗೆಯೂ.

ನಮ್ಮದು ಹಾಸನದಲ್ಲಿ ಒಂದು ಸೀರೆ ಅಂಗಡಿ. ದಿನವಿಡೀ ಮಾತಾಡಿದರೇನೇ ವ್ಯಾಪಾರ. ನಾಲಿಗೆಯ ಬಲ ಅಂಚಿನಲ್ಲಿ ಒಂದು ಹುಣ್ಣು ಆಗಿ ವಾಸಿಯಾಗದೆ ಉಳಿಯಿತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. (ಬಾಯಿಯ ಹುಣ್ಣು ಎರಡು ಮೂರು ವಾರದಲ್ಲಿ ವಾಸಿಯಾಗದಿದ್ದರೆ ತೋರಿಸಿ. ಬರೀ ಎಲೆ ಅಡಿಕೆ ಹಾಕುತ್ತೇವೆ, ಹೊಗೆಸೊಪ್ಪು ಮುಟ್ಟಲ್ಲ ಅನ್ನುವವರಿಗೂ ಇದು ಅನ್ವಯಿಸುತ್ತದೆ. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.) ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನಾಲಿಗೆಯ ಬಲ ಅರ್ಧ ತೆಗೆದರು, ಕತ್ತಿನ ಗಂಟುಗಳನ್ನೂ ತೆಗೆದರು, ಎಡ ಮುಂಗೈಯಿಂದ ಚರ್ಮ, ರಕ್ತನಾಳ ಸಮೇತ ತುಂಡು ತೆಗೆದು ನಾಲಿಗೆಯ ಜಾಗಕ್ಕೆ ಕೂಡಿಸಿದರು. ಇದನ್ನು ಫ್ಲಾಪ್ ಅನ್ನುತ್ತಾರೆ. ಆಮೇಲೆ ರೇಡಿಯೇಷನ್.

ಈ ಫ್ಲಾಪ್ ಅಂದರೆ ಏನು ಅನ್ನುವುದು ಅರ್ಥವಾದರೆ ಥೆರಪಿ ಯಾಕೆ ಬೇಕು ಅನ್ನುವುದೂ ಅರ್ಥವಾಗುತ್ತದೆ. ಅದು ಹರಿದ ಸೀರೆಗೆ ಹಾಕಿದ ತೇಪೆಯ ಹಾಗೆ. ಜಾಗ ತುಂಬುತ್ತದೆ, ಅಷ್ಟೇ. ತಾನಾಗಿ ಅಲ್ಲಾಡುವುದಿಲ್ಲ, ರುಚಿ ಗೊತ್ತಾಗುವುದಿಲ್ಲ, ಬಿಸಿ ತಣ್ಣಗೆ ಸರಿಯಾಗಿ ಗೊತ್ತಾಗುವುದಿಲ್ಲ. ಉಳಿದ ಅರ್ಧ ನಾಲಿಗೆ ಇದನ್ನೂ ಹೊತ್ತುಕೊಂಡು ಮೇಲೆ ಹೋಗಬೇಕು, ಹಲ್ಲಿಗೆ ತಾಗಬೇಕು, ಹಿಂದಕ್ಕೆ ಮಡಚಬೇಕು. ಗಾಯ ವಾಸಿಯಾದರೆ ಮಾತು ತಾನಾಗಿ ಬರುತ್ತದೆ ಅಂತ ಎಷ್ಟೋ ಜನ ಹೇಳಿದರು. ಊತ ಇಳಿದಾಗ ಸ್ವಲ್ಪ ಬಂದಿದ್ದು ನಿಜ. ಆದರೆ ಅಲ್ಲಿಂದ ಮುಂದಕ್ಕೆ ತಾನಾಗಿ ಬರುವುದಿಲ್ಲ, ಹೊಸದಾಗಿ ಕಲಿಯಬೇಕು. ಯಾಕೆಂದರೆ ಹಳೆಯ ನಾಲಿಗೆ ಈಗ ಇಲ್ಲ, ಇರುವ ನಾಲಿಗೆಗೆ ಹಳೆಯ ಅಭ್ಯಾಸ ಹೊಂದುವುದಿಲ್ಲ.

ಮೊದಲು ಹೋದ ಕ್ಲಿನಿಕ್ ನಮಗೆ ಹತ್ತಿರದ್ದು. ಹೆಸರು ಬರೆಯುವುದಿಲ್ಲ, ಮಕ್ಕಳ ವಿಷಯದಲ್ಲಿ ಅವರಿಗೆ ಒಳ್ಳೆಯ ಹೆಸರಿದೆ, ಅದನ್ನು ಹಾಳು ಮಾಡುವ ಉದ್ದೇಶ ನನಗಿಲ್ಲ. ಆದರೆ ಅವರು ನನ್ನ ಆಪರೇಷನ್ ಕಾಗದ ಕೇಳಲಿಲ್ಲ. ಬಾಯೊಳಗೆ ಟಾರ್ಚ್ ಹಾಕಿ ನೋಡಲಿಲ್ಲ. ಎಷ್ಟು ನಾಲಿಗೆ ಉಳಿದಿದೆ, ತುದಿ ಇದೆಯಾ, ಅದು ಎಲ್ಲಿವರೆಗೆ ಹೋಗುತ್ತದೆ, ಯಾವುದನ್ನೂ ಕೇಳಲಿಲ್ಲ. ಬಲೂನ್ ಊದಿಸಿದರು, ಮೇಣದಬತ್ತಿ ಆರಿಸಲು ಹೇಳಿದರು, ಸೀಟಿ ಊದಿಸಿದರು, ಕೊನೆಗೆ ಆಪಲ್, ಬಾಲ್, ಕ್ಯಾಟ್ ಅನ್ನುವ ಚಿತ್ರದ ಕಾರ್ಡ್ ತೋರಿಸಿ ಹೇಳಿ ಅಂದರು. ಐವತ್ತರ ಹತ್ತಿರ ಬಂದ ಹೆಂಗಸು ನಾನು, ಜೀವನಪೂರ್ತಿ ಕನ್ನಡದಲ್ಲಿ ವ್ಯಾಪಾರ ಮಾಡಿದವಳು. ಆ ಕಾರ್ಡಿನ ಮುಂದೆ ಕೂತಾಗ ಅಳು ಬಂತು. ಬಲೂನ್ ಊದಿದರೆ ಕೆನ್ನೆಗೆ ಕೆಲಸ ಸಿಗುತ್ತದೆ, ನಾಲಿಗೆಗೆ ಏನು ಸಿಗುತ್ತದೆ? ಇದನ್ನು ನಾನು ಆಗ ಕೇಳಬೇಕು ಅಂದುಕೊಂಡೆ, ಕೇಳುವಷ್ಟು ಮಾತು ಬಾಯಲ್ಲಿ ಇರಲಿಲ್ಲ. ವಾರಗಟ್ಟಲೆ ಹೋಗಿ ಬಂದರೂ ನಮ್ಮ ಅಂಗಡಿಯ ಹುಡುಗಿಗೆ ನಾನು ಹೇಳುವ ರೇಟು ಅರ್ಥ ಆಗುತ್ತಿರಲಿಲ್ಲ.

ಆಮೇಲೆ ಹೋಗಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮಾನಸಗಂಗೋತ್ರಿಯಲ್ಲಿದೆ. ಆಯಿಷ್ ಅಂತಲೂ ಕರೆಯುತ್ತಾರೆ, ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಅಂದರೆ ಸಾಕು. ಆ ಹೆಸರು ಬಾಯಲ್ಲಿ ಬರದವರು ನನ್ನ ಹಾಗೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿ. 1965ರಲ್ಲಿ ಶುರುವಾದ ಸಂಸ್ಥೆ, ಕೇಂದ್ರ ಆರೋಗ್ಯ ಇಲಾಖೆಯ ಕೆಳಗೆ ಬರುತ್ತದೆ. ಅಲ್ಲಿಗೆ ಹೋಗುವವರೆಗೂ ಅದು ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದವರು ನಮ್ಮ ಕಡೆ ಜಾಸ್ತಿ. ಹಾಗಲ್ಲ. ಪಾರ್ಶ್ವವಾಯು ಆದವರು, ಧ್ವನಿ ಹೋದವರು, ಉಗ್ಗುವವರು, ಎಲ್ಲರೂ ಬರುತ್ತಾರೆ. ಇದು ಕಲಿಸುವ ಸಂಸ್ಥೆಯೂ ಹೌದು. ಅಂದರೆ ಥೆರಪಿಗೆ ನಿಮ್ಮ ಮುಂದೆ ಕೂರುವವರು ವಿದ್ಯಾರ್ಥಿಗಳೂ ಆಗಿರಬಹುದು, ಅವರ ಮೇಲೆ ಹಿರಿಯರು ಇರುತ್ತಾರೆ. ಸ್ಟೂಡೆಂಟಾ ಅಂತ ಹಿಂಜರಿಯಬೇಡಿ. ನನಗೆ ಸಿಕ್ಕ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು, ಅವಳ ತಾಳ್ಮೆ ದೊಡ್ಡದು. ನಾನು ಒಂದು ವಾಕ್ಯ ಮುಗಿಸುವವರೆಗೂ ಅವಳು ಒಂದು ಸಲವೂ ಮಧ್ಯ ಬಾಯಿ ಹಾಕಲಿಲ್ಲ.

ಮೊದಲ ಭೇಟಿ ಪೂರ್ತಿ ಪರೀಕ್ಷೆಗೇ ಹೋಯಿತು. ಆಪರೇಷನ್ ನೋಟ್ಸ್ ಓದಿದರು. ಬಾಯೊಳಗೆ ನೋಡಿದರು, ನಾಲಿಗೆ ಮೇಲೆತ್ತಿಸಿದರು, ಎಡಕ್ಕೆ ಬಲಕ್ಕೆ ತಿರುಗಿಸಿದರು, ಮುಂದೆ ಚಾಚಿಸಿದರು, ಬಾಯಿ ಎಷ್ಟು ತೆರೆಯುತ್ತದೆ ಅಂತ ಅಳೆದರು. ಕನ್ನಡದ ಪದಗಳ ಪಟ್ಟಿ ಓದಿಸಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಮಾಡಿದ್ದು ನನಗೆ ತುಂಬಾ ಹಿಡಿಸಿತು. ನನ್ನನ್ನು ನೋಡಿಯೇ ಇರದ ಇಬ್ಬರಿಗೆ ಆ ರೆಕಾರ್ಡಿಂಗ್ ಕೇಳಿಸಿ, ಏನು ಕೇಳಿಸಿತೋ ಅದನ್ನು ಬರೆಯಿರಿ ಅಂದರು. ಅವರು ಬರೆದ ಹಾಳೆ ನನಗೂ ತೋರಿಸಿದರು. ನಾನು ಏನು ಹೇಳಿದೆ, ಅವರಿಗೆ ಏನು ಕೇಳಿಸಿತು, ಎರಡೂ ಪಕ್ಕಪಕ್ಕದಲ್ಲಿ. ಅಲ್ಲಿ ಗೊತ್ತಾಯಿತು ತೊಂದರೆ ಎಲ್ಲಿದೆ ಅಂತ.

ಪ, ಬ, ಮ ಚೆನ್ನಾಗಿದ್ದವು, ಅವು ತುಟಿಯ ಕೆಲಸ. ವ ಕೂಡ ಪರವಾಗಿಲ್ಲ. ಕ, ಗ ನಾಲಿಗೆಯ ಬುಡದ್ದು, ನನಗೆ ಬುಡ ಉಳಿದಿತ್ತು, ಹಾಗಾಗಿ ಅವೂ ಹೆಚ್ಚುಕಡಿಮೆ ಬರುತ್ತಿದ್ದವು. ತ, ದ, ನ, ಲ ಅರ್ಧಂಬರ್ಧ. ಸ, ಶ ಹೇಳಿದರೆ ಗಾಳಿ ಬಲಗಡೆಯಿಂದ ಸೋರಿ ಹೋಗಿ ಬರೀ ಗಾಳಿ ಶಬ್ದ. ರ ಬರುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಕಷ್ಟ ಟ, ಡ, ಣ, ಳ. ಇವಕ್ಕೆ ನಾಲಿಗೆ ತುದಿ ಹಿಂದಕ್ಕೆ ಮಡಚಿ ಮೇಲಂಗುಳಕ್ಕೆ ತಾಗಬೇಕು, ಅರ್ಧ ನಾಲಿಗೆಗೆ ಅದು ಸುಲಭವಲ್ಲ. ಕನ್ನಡದಲ್ಲಿ ಈ ಅಕ್ಷರಗಳಿಲ್ಲದೆ ಒಂದು ವಾಕ್ಯ ಮುಗಿಯುವುದಿಲ್ಲ ಅಲ್ವಾ. ಬೆಳೆಯೂ ಬೆಲೆಯೂ ಒಂದೇ ಥರ ಕೇಳಿಸಿದರೆ ಕೇಳುವವರು ಏನಂತ ತಿಳಿಯಬೇಕು? ಇಂಗ್ಲಿಷ್ ಕಾರ್ಡ್ ತೋರಿಸಿದ್ದ ಕಡೆ ಇದು ಯಾವತ್ತೂ ಗೊತ್ತಾಗುತ್ತಲೇ ಇರಲಿಲ್ಲ, ಯಾಕೆಂದರೆ ಆಪಲ್‌ನಲ್ಲಿ ಳ ಇಲ್ಲ, ಬಾಲ್‌ನಲ್ಲಿ ಣ ಇಲ್ಲ.

ಆ ಹುಡುಗಿ ಎರಡನೇ ಸಲ ಹೋದಾಗ ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ, ನೀವು ದಿನಾ ಯಾವ ಮಾತು ಜಾಸ್ತಿ ಆಡ್ತೀರಿ? ಅದನ್ನ ಬರೆದುಕೊಡಿ." ನಾನು ಬರೆದುಕೊಟ್ಟೆ. ಸೀರೆ, ಸೆರಗು, ಜರಿ, ಅಂಚು, ರವಿಕೆ ಬಟ್ಟೆ, ಇಳಕಲ್, ಮೊಳಕಾಲ್ಮೂರು, ಕಾಟನ್, ಬಣ್ಣ ಹೋಗಲ್ಲ, ಒಳಗೆ ಬನ್ನಿ, ಕೂತ್ಕೊಳ್ಳಿ. ಆಮೇಲೆ ರೇಟು. ಆರುನೂರು, ಏಳುನೂರು, ಎಂಟುನೂರು, ಸಾವಿರದಿನ್ನೂರು. ನೋಡಿ, ಹೆಚ್ಚುಕಡಿಮೆ ನನಗೆ ಬರದ ಅಕ್ಷರಗಳೇ. ಆ ಪಟ್ಟಿಯೇ ನನ್ನ ಪಾಠ ಆಯಿತು. ಹೋಗುವಾಗ ಬರುವಾಗ ಬಸ್ಸಿನಲ್ಲಿ ಅದನ್ನೇ ತುಟಿಯೊಳಗೆ ಹೇಳಿಕೊಳ್ಳುತ್ತಿದ್ದೆ. ಈ ಸೇವೆಗೆ ನಾನು ಒಳ್ಳೆಯ ಮಾತು ಬರೆಯುವುದಕ್ಕೆ ಮುಖ್ಯ ಕಾರಣ ಇದೇ. ಕಲಿಸಿದ ಮಾತು ಮಾರನೇ ದಿನ ಅಂಗಡಿಯಲ್ಲಿ ಕೆಲಸಕ್ಕೆ ಬಂತು.

ಹೇಗೆ ಕಲಿಸಿದರು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಇದನ್ನು ನಾಲಿಗೆ ವ್ಯಾಯಾಮ ಅಂದುಕೊಳ್ಳುತ್ತಾರೆ. ವ್ಯಾಯಾಮ ಇತ್ತು. ನಾಲಿಗೆ ಚಾಚುವುದು, ಎತ್ತುವುದು, ಕೆನ್ನೆಯ ಒಳಗೆ ಒತ್ತುವುದು, ಇವೆಲ್ಲ ನಾಲಿಗೆ ಬಿಗಿಯಾಗದಿರಲಿ, ಇರುವ ಚಲನೆ ಹೆಚ್ಚಲಿ ಅಂತ. ರೇಡಿಯೇಷನ್ ಆದ ಮೇಲೆ ಒಳಗಿನ ಮಾಂಸ ಗಟ್ಟಿಯಾಗುತ್ತಾ ಹೋಗುತ್ತದೆ, ಹಾಗಾಗಿ ಬಿಡುವ ಹಾಗಿಲ್ಲ. ಆದರೆ ಮಾತು ಬರಬೇಕಾದರೆ ಮಾತನ್ನೇ ಆಡಬೇಕು ಅನ್ನುವುದು ಅವರ ಕ್ರಮ. ಊದುವುದು ಒಂದೂ ಇರಲಿಲ್ಲ. ಕನ್ನಡಿ ಮುಂದೆ ಕೂರಿಸಿ, ಹಳೆಯ ರೀತಿಯಲ್ಲಿ ಬರದ ಅಕ್ಷರಕ್ಕೆ ಹೊಸ ರೀತಿ ಹುಡುಕಿದರು. ರ ಹೇಳಲು ನಾಲಿಗೆ ಅದುರಿಸಬೇಡಿ, ಎಡ ಅಂಚನ್ನು ಒಂದೇ ಸಲ ತಟ್ಟಿ ಬಿಡಿ ಅಂದರು. ಸ ಹೇಳಲು ಕೆಳದವಡೆ ಒಂಚೂರು ಮುಂದೆ ತಂದು ಹಲ್ಲು ಹತ್ತಿರ ಮಾಡಿ ಗಾಳಿ ಬಿಡಿ ಅಂದರು. ಳ ಹೇಳಲು ಮಡಚಲು ಹೋಗಬೇಡಿ, ಉಳಿದ ನಾಲಿಗೆಯನ್ನು ಹಾಗೇ ಹಿಂದಕ್ಕೆ ಎಳೆದು ಮೇಲೆ ಒತ್ತಿ ಅಂದರು. ಇದು ಪುಸ್ತಕದಲ್ಲಿ ಇರುವ ಳ ಅಲ್ಲ, ಆದರೆ ಕೇಳುವವರಿಗೆ ಲ ಅಲ್ಲ ಅಂತ ಗೊತ್ತಾಗುತ್ತದೆ, ಅಷ್ಟು ಸಾಕು. ಇದು ನನ್ನ ಬಾಯಿಗೆ ಹೊಂದಿದ ದಾರಿ. ನಿಮಗೆ ಎಡಭಾಗ ತೆಗೆದಿದ್ದರೆ, ಅಥವಾ ತುದಿಯೇ ಹೋಗಿದ್ದರೆ, ಅಥವಾ ಬುಡದವರೆಗೂ ತೆಗೆದಿದ್ದರೆ ನಿಮ್ಮ ದಾರಿ ಬೇರೆ ಇರುತ್ತದೆ. ಸುಮ್ನೆ ನೋಡಿ ಮಾಡಲು ಹೋಗಬೇಡಿ.

ಅಕ್ಷರಕ್ಕಿಂತ ಹೆಚ್ಚು ಉಪಯೋಗ ಆಗಿದ್ದು ಮಾತಾಡುವ ರೀತಿ ಬದಲಾಯಿಸಿದ್ದು. ನಾವು ಮಾತಾಡುವಾಗ ಅಕ್ಷರ ನುಂಗುತ್ತೇವೆ. ಬರ್ತೀನಿ, ಕೊಡ್ತೀನಿ, ನೋಡ್ಕೊಳ್ಳಿ. ಈ ಒತ್ತಕ್ಷರದಲ್ಲಿ ನಾಲಿಗೆ ಒಂದು ಜಾಗದಿಂದ ಇನ್ನೊಂದಕ್ಕೆ ತಟ್ಟನೆ ಹಾರಬೇಕು, ಫ್ಲಾಪ್ ಹೊತ್ತ ನಾಲಿಗೆ ಹಾರುವುದಿಲ್ಲ. ಹಾಗಾಗಿ ಬ-ರು-ತ್ತೀ-ನಿ, ಕೊ-ಡು-ತ್ತೀ-ನಿ, ನೋ-ಡಿ-ಕೊ-ಳ್ಳಿ ಅಂತ ಬಿಡಿಸಿ ಹೇಳಲು ಕಲಿಸಿದರು. ಮಧ್ಯೆ ಒಂದು ಸ್ವರ ಬಂದರೆ ನಾಲಿಗೆಗೆ ಸಮಯ ಸಿಗುತ್ತದೆ. ಬಾಯಿ ಚೆನ್ನಾಗಿ ತೆರೆದು, ಪದದ ಕೊನೆಯ ಸ್ವರ ನುಂಗದೆ, ಎರಡು ಮೂರು ಪದಕ್ಕೆ ಒಂದು ಉಸಿರು ನಿಲ್ಲಿಸಿ. ಮೊದಮೊದಲು ನಾಟಕದ ಮಾತಿನ ಹಾಗೆ ಅನ್ನಿಸಿ ಸಂಕೋಚ ಆಯಿತು. ಆದರೆ ಗಿರಾಕಿಗಳಿಗೆ ಅರ್ಥ ಆಗತೊಡಗಿದ್ದೇ ಈ ರೀತಿ ಮಾತಾಡಲು ಶುರು ಮಾಡಿದ ಮೇಲೆ. ಅಕ್ಷರ ಇನ್ನೂ ಸರಿಯಾಗಿರಲಿಲ್ಲ, ಆದರೂ ಅರ್ಥ ಆಗುತ್ತಿತ್ತು.

ಇನ್ನೊಂದು ಕೆಲಸ ಮಾಡಿದರು, ನಮ್ಮ ಯಜಮಾನರನ್ನೂ ಒಳಗೆ ಕರೆದು ಕೂರಿಸಿದರು. ಅವರು ಪ್ರೀತಿಯಿಂದಲೇ ನನ್ನ ಮಾತು ತಾವೇ ಮುಗಿಸುತ್ತಿದ್ದರು. ನಾನು "ನೀ" ಅನ್ನುವಷ್ಟರಲ್ಲಿ ನೀರು ತಂದು ಇಡುತ್ತಿದ್ದರು, ನನಗೆ ಬೇಕಾಗಿದ್ದು ನೀಲಿ ಸೀರೆ ಆಗಿರುತ್ತಿತ್ತು. ಮುಗಿಸಬೇಡಿ, ಮುಖ ನೋಡಿ ಕೇಳಿ, ಅರ್ಥ ಆಗದಿದ್ದರೆ ಆಂ ಅನ್ನಬೇಡಿ, ಅರ್ಥ ಆದಷ್ಟನ್ನು ವಾಪಸ್ ಹೇಳಿ, ಆಗ ಅವರು ಉಳಿದ ಒಂದು ಪದ ಮಾತ್ರ ಮತ್ತೆ ಹೇಳಿದರೆ ಸಾಕು ಅಂತ ಹೇಳಿಕೊಟ್ಟರು. ಮನೆಯಲ್ಲಿ ಟಿವಿ ಹಾಕಿಕೊಂಡು ಮಾತಾಡಬೇಡಿ ಅಂದರು. ಇದಕ್ಕೆ ಯಾವ ಸಾಮಾನೂ ಬೇಡ, ದುಡ್ಡೂ ಬೇಡ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಬದಲಾವಣೆ ತಂದಿದ್ದು ಇದು. ಅಂಗಡಿಯ ಹುಡುಗಿಗೂ ಇದನ್ನೇ ಹೇಳಿಕೊಟ್ಟೆ. ಈಗ ಗಿರಾಕಿಗಳು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ ಮಾತಾಡಿದರೆ ಅವಳು "ಅಕ್ಕನ್ನೇ ಕೇಳಿ" ಅನ್ನುತ್ತಾಳೆ.

ಊಟದ ವಿಷಯವನ್ನೂ ಸ್ಪೀಚ್ ಥೆರಪಿಯವರೇ ನೋಡುತ್ತಾರೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನುಂಗುವುದೂ ನಾಲಿಗೆಯ ಕೆಲಸವೇ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ನನಗೆ ಅದು ಬಾಯಿಯ ಬಲಗಡೆ ಅಂಟಿಕೊಂಡು ಹಿಂದೆ ಹೋಗುತ್ತಲೇ ಇರಲಿಲ್ಲ. ನೀರು ಕುಡಿದರೆ ತಟ್ಟನೆ ಜಾರಿ ಹೋಗಿ ಕೆಮ್ಮು. ಊಟ ಕೊಡಲು ಮೂಗಿನಿಂದ ಹಾಕಿದ್ದ ನಳಿಕೆ ತೆಗೆದ ಮೇಲೆ ಈ ಭಯ ಜಾಸ್ತಿ. ತುತ್ತನ್ನು ಎಡಗಡೆ ಇಟ್ಟು, ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ನುಂಗಲು ಹೇಳಿಕೊಟ್ಟರು. ನೀರಿಗೆ ಗದ್ದ ಎದೆಯ ಕಡೆ ಬಗ್ಗಿಸಿ, ಸಣ್ಣ ಗುಟುಕು. ನೀರನ್ನು ಮಂದ ಮಾಡುವ ಪುಡಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ನಾನು ಒಂದು ಡಬ್ಬಿ ತಂದೆ, ಕೆಲಸ ಮಾಡುತ್ತದೆ, ಆದರೆ ನೀರಿನ ರುಚಿ ಹೋಗಿ ಲೋಳೆ ಥರ ಆಗುತ್ತದೆ. ಊಟಕ್ಕೆ ನನಗೆ ಹೊಂದಿದ್ದು ರಾಗಿ ಗಂಜಿ, ಚೆನ್ನಾಗಿ ಕಿವುಚಿದ ಮೊಸರನ್ನ. ಆದರೆ ಯಾವ ಹದ ನಿಮಗೆ ಸರಿ ಅನ್ನುವುದನ್ನು ಥೆರಪಿಸ್ಟೇ ಹೇಳಬೇಕು. ಊಟ ಮಾಡುವಾಗ ಕೆಮ್ಮು ಬರುತ್ತಿದ್ದರೆ, ಪದೇಪದೇ ಜ್ವರ ಬರುತ್ತಿದ್ದರೆ ತಿಂದಿದ್ದು, ಕುಡಿದಿದ್ದು ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ಬೇರಿಯಂ ಕುಡಿಸಿ ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ ಇದೆ, ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡುವುದೂ ಇದೆ. ಕೇಳಿ ಮಾಡಿಸಿ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಬಾಯಿ ತೆರೆಯದಿದ್ದರೆ ಯಾವ ಥೆರಪಿಯೂ ನಡೆಯುವುದಿಲ್ಲ. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು. 35 ಮಿಲಿಮೀಟರಿಗಿಂತ ಕಡಿಮೆಯಾದರೆ ಬಾಯಿ ಬಿಗಿದಿದೆ ಅಂತ ಲೆಕ್ಕ. ಥೆರಾಬೈಟ್ ಅನ್ನುವ ಹೊರದೇಶದ ಸಾಧನ ಇದೆ, ಬಾಯಿಗಿಟ್ಟು ಒತ್ತಿದರೆ ನಿಧಾನಕ್ಕೆ ದವಡೆ ತೆರೆಸುತ್ತದೆ. ಬೆಲೆ ನಮ್ಮಂಥವರಿಗೆ ಜಾಸ್ತಿ. ನಾನು ಬಳಸಿದ್ದು ಐಸ್‌ಕ್ರೀಮ್ ಕಡ್ಡಿ. ಶುದ್ಧವಾದ ಕಡ್ಡಿಗಳ ಕಟ್ಟನ್ನು ಎಡಗಡೆಯ ಹಲ್ಲುಗಳ ಮಧ್ಯೆ ಇಟ್ಟು, ನೋವಾಗದಷ್ಟು ಹೊತ್ತು ಹಿಡಿದು, ಕೆಲವು ದಿನಕ್ಕೊಂದು ಕಡ್ಡಿ ಹೆಚ್ಚಿಸುವುದು. ಆಸ್ಪತ್ರೆಯಲ್ಲೇ ಹೇಳಿಕೊಟ್ಟಿದ್ದರು. ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತದೆ. ರೇಡಿಯೇಷನ್ ಮುಗಿದ ಮೇಲೂ ಬಾಯಿ ಬಿಗಿಯುತ್ತಾ ಹೋಗುತ್ತದೆ, ಹಾಗಾಗಿ ಚೆನ್ನಾಗಾಯಿತು ಅಂತ ನಿಲ್ಲಿಸಬೇಡಿ.

ರೇಡಿಯೇಷನ್ ಸಮಯದಲ್ಲಿ ಮಾತು ಮತ್ತೆ ಹಿಂದೆ ಹೋಯಿತು. ಬಾಯಿ ತುಂಬಾ ಹುಣ್ಣು, ಎಂಜಲು ಒಣಗಿ ನಾಲಿಗೆ ಮೇಲಂಗುಳಕ್ಕೆ ಅಂಟಿಕೊಳ್ಳುತ್ತದೆ. ಇದು ಎಲ್ಲರಿಗೂ ಆಗುವಂಥದ್ದು, ಕಲಿತಿದ್ದೆಲ್ಲ ಹೋಯಿತು ಅಂತ ಹೆದರಬೇಡಿ. ಅಡುಗೆ ಸೋಡಾ, ಉಪ್ಪು ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸುವುದು, ಪಕ್ಕದಲ್ಲಿ ಸದಾ ನೀರಿನ ಬಾಟಲಿ. ಅಂಗಡಿಯಲ್ಲಿ ಈಗಲೂ ಪ್ರತಿ ಗಿರಾಕಿ ಬಂದಾಗ ಒಂದು ಗುಟುಕು ಕುಡಿದೇ ಮಾತು ಶುರು ಮಾಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ಸಾಮಾನು ಬಾಯೊಳಗೆ ಹಾಕುವ ಪ್ಲೇಟು. ಥೆರಪಿಸ್ಟೇ ಇದನ್ನು ಸೂಚಿಸಿದ್ದು. ನಾಲಿಗೆ ಮೇಲಂಗುಳಕ್ಕೆ ತಲುಪದಿದ್ದರೆ ಮೇಲಂಗುಳವನ್ನೇ ಕೆಳಗೆ ತರುವುದು, ಇದೇ ಅದರ ಉಪಾಯ. ಕಟ್ಟುಹಲ್ಲು ಮಾಡುವ ಡೆಂಟಿಸ್ಟ್ ಮಾಡಿಕೊಡುತ್ತಾರೆ. ಡೆಂಟಲ್ ಕಾಲೇಜಿನಲ್ಲಿ ಮಾಡಿಸಿದೆ. ಮೇಲ್ದವಡೆಯ ಅಚ್ಚು ತೆಗೆದು ಪ್ಲಾಸ್ಟಿಕ್ಕಿನ ತೆಳು ಪ್ಲೇಟು ಮಾಡುತ್ತಾರೆ, ಅದರ ಮೇಲೆ ಮೆತ್ತನೆಯ ವಸ್ತು ಹಚ್ಚಿ ತ, ದ, ಲ, ಕ ಹೇಳಿಸುತ್ತಾರೆ, ನುಂಗಿಸುತ್ತಾರೆ. ನಾಲಿಗೆ ಎಲ್ಲಿ ತಾಗಿತೋ ಅಲ್ಲಿ ಗುರುತು ಬೀಳುತ್ತದೆ, ತಾಗದ ಜಾಗವನ್ನು ಇನ್ನಷ್ಟು ದಪ್ಪ ಮಾಡುತ್ತಾರೆ. ನನ್ನದು ಬಲಗಡೆ ದಪ್ಪ, ಎಡಗಡೆ ತೆಳು. ಹಾಕಿಕೊಂಡು ಲ ಹೇಳಿದ ತಕ್ಷಣ ವ್ಯತ್ಯಾಸ ಗೊತ್ತಾಯಿತು. ತ, ದ ಕೂಡ. ನುಂಗುವುದೂ ಸುಲಭ ಆಯಿತು. ಸ ಮಾತ್ರ ಮೊದಲಿಗೆ ಕೆಟ್ಟಿತು, ಗಾಳಿ ಹೋಗುವ ದಾರಿ ಬದಲಾಗಿದ್ದಕ್ಕೆ. ಮತ್ತೆ ಹೋಗಿ ಮುಂದಿನ ಭಾಗ ಸ್ವಲ್ಪ ತೇಯಿಸಿಕೊಂಡು ಬಂದ ಮೇಲೆ ಸರಿಹೋಯಿತು. ಹೀಗೆ ತೇಯಿಸುವುದು, ಏರಿಸುವುದು ಕೆಲವು ಸಲ ಆಗುತ್ತದೆ, ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ. ಡೆಂಟಿಸ್ಟ್ ಮತ್ತು ಥೆರಪಿಸ್ಟ್ ಇಬ್ಬರೂ ಮಾತಾಡಿಕೊಂಡು ಮಾಡಿದರೆ ಮಾತ್ರ ಚೆನ್ನಾಗಿ ಬರುತ್ತದೆ. ರಾತ್ರಿ ತೆಗೆದು ತೊಳೆದು ನೀರಲ್ಲಿ ಇಡಬೇಕು. ಹಿಡಿಯಲು ಮೇಲಿನ ಹಲ್ಲು ಗಟ್ಟಿ ಇರಬೇಕು, ಅದಕ್ಕೇ ರೇಡಿಯೇಷನ್ ಶುರುವಾಗುವ ಮೊದಲೇ ಹಲ್ಲು ತೋರಿಸಿಕೊಳ್ಳುವುದು ಒಳ್ಳೆಯದು. ರೇಡಿಯೇಷನ್ ಆದ ಮೇಲೆ ಹಲ್ಲು ಕೀಳಿಸುವುದು ಅಪಾಯ, ದವಡೆಯ ಮೂಳೆ ವಾಸಿಯಾಗದೆ ಉಳಿಯಬಹುದು.

ಫೋನು. ಗೂಗಲ್ ಟ್ರಾನ್ಸ್‌ಲೇಟ್ ಆ್ಯಪಿನಲ್ಲಿ ಕನ್ನಡದಲ್ಲಿ ಬರೆದು ಸ್ಪೀಕರ್ ಗುರುತು ಒತ್ತಿದರೆ ಅದು ಓದಿ ಹೇಳುತ್ತದೆ. ಆಸ್ಪತ್ರೆಯಲ್ಲಿ, ಮೊದಲ ದಿನಗಳಲ್ಲಿ ಬಹಳ ನೆರವಾಯಿತು. ಧ್ವನಿ ನನ್ನದಲ್ಲ, ಆದರೂ ನರ್ಸಿಗೆ ನೋವು ಎಲ್ಲಿದೆ ಅಂತ ಹೇಳಲು ಅದು ಸಾಕು. ಆಮೇಲೆ ಅಭ್ಯಾಸಕ್ಕೆ ಜೀಬೋರ್ಡ್ ಅನ್ನುವ ಫೋನಿನ ಕೀಬೋರ್ಡಿನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಬಳಸಿದೆ. ನಾನು ಹೇಳಿದ್ದನ್ನು ಅದು ಏನು ಅಂತ ಬರೆಯುತ್ತದೆ ನೋಡುವುದು. ಮನೆಯವರ ಹಾಗೆ ಅದಕ್ಕೆ ದಾಕ್ಷಿಣ್ಯ ಇಲ್ಲ. ಏಳುನೂರು ಅಂತ ಸರಿಯಾಗಿ ಬಿದ್ದ ದಿನ ನಮ್ಮ ಯಜಮಾನರಿಗೆ ಫೋನ್ ತೋರಿಸಿದೆ. ಆದರೆ ಇದನ್ನೇ ಪರೀಕ್ಷೆ ಅಂದುಕೊಂಡರೆ ಬೇಜಾರಾಗುತ್ತದೆ. ಮನುಷ್ಯರಿಗೆ ಸುಲಭವಾಗಿ ಅರ್ಥ ಆಗುವ ಮಾತನ್ನೂ ಅದು ಎಷ್ಟೋ ಸಲ ತಪ್ಪು ಬರೆಯುತ್ತದೆ, ಅದು ಮುಖ ನೋಡುವುದಿಲ್ಲ, ಸಂದರ್ಭ ತಿಳಿಯುವುದಿಲ್ಲ. ಥೆರಪಿಸ್ಟ್ ಹೇಳಿದ್ದು ಇಷ್ಟೇ: ಗಿರಾಕಿಗೆ ಅರ್ಥ ಆಯಿತಾ, ಅದನ್ನು ನೋಡಿ.

ವಾಟ್ಸಾಪಿನಲ್ಲಿ ನನಗೆ ಜನ ಮತ್ತೆ ಮತ್ತೆ ಕಳಿಸಿದ ಒಂದು ವಿಷಯ ಇದೆ. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಮಾಡಿದ 50 ರೂಪಾಯಿಯ ಸಾಧನದಿಂದ ಮಾತು ಬರುತ್ತದೆ ಅಂತ. ಅದು ನಿಜವಾದ ಸಾಧನವೇ, ಒಳ್ಳೆಯ ಕೆಲಸವೇ. ಆದರೆ ಅದು ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರಿಗೆ. ಅವರಿಗೆ ಧ್ವನಿ ಹೋಗಿರುತ್ತದೆ, ನಾಲಿಗೆ ಇರುತ್ತದೆ. ನಮ್ಮಂಥವರಿಗೆ ಧ್ವನಿ ಇದೆ, ಅದನ್ನು ಅಕ್ಷರ ಮಾಡುವ ನಾಲಿಗೆಯದು ತೊಂದರೆ. ನಮಗೆ ಅದು ಕೆಲಸಕ್ಕೆ ಬರುವುದಿಲ್ಲ. ಧ್ವನಿಪೆಟ್ಟಿಗೆ ತೆಗೆದವರು ಯಾರಾದರೂ ನಿಮಗೆ ಗೊತ್ತಿದ್ದರೆ ಅವರಿಗೆ ಕಳಿಸಿ.

ಈಗ ನನ್ನ ಮಾತು ಹೇಗಿದೆ? ಮೊದಲಿನ ಹಾಗಿಲ್ಲ, ಆಗುವುದೂ ಇಲ್ಲ. ಣ ಇನ್ನೂ ನ ಹತ್ತಿರವೇ ಇದೆ. ಸಂಜೆ ಹೊತ್ತಿಗೆ ಸುಸ್ತಾದಾಗ ಸ ಸೋರುತ್ತದೆ. ಮದುವೆ ಮನೆಯ ಗಲಾಟೆಯಲ್ಲಿ ಮಾತಾಡುವುದು ಕಷ್ಟ. ಫೋನಿನಲ್ಲಿ ಹೊಸಬರ ಜೊತೆ ಒಂದೊಂದು ಪದ ಎರಡು ಸಲ ಹೇಳಬೇಕಾಗುತ್ತದೆ. ಆದರೆ ಕೌಂಟರಿನಲ್ಲಿ ನಾನೇ ಕೂರುತ್ತೇನೆ. ಇಳಕಲ್ ಸೀರೆಯ ಟೋಪಿ ತೆನಿ ಸೆರಗು ಬಿಚ್ಚಿ ತೋರಿಸಿ, ರೇಟು ಹೇಳಿ, ಚೌಕಾಸಿಗೂ ಉತ್ತರ ಕೊಡುತ್ತೇನೆ. ಮೊದಲ ಕೆಲವು ತಿಂಗಳಲ್ಲಿ ಹೆಚ್ಚು ಸುಧಾರಣೆ ಕಂಡಿತು, ಆಮೇಲೆ ನಿಧಾನ. ಊರಿಗೆ ಬಂದ ಮೇಲೆ ವಿಡಿಯೋ ಕರೆಯಲ್ಲಿ ಮುಂದುವರಿಸಿದೆ. ಮಾತಿನ ರೀತಿ ತಿದ್ದಲು ವಿಡಿಯೋ ಸಾಕಾಗುತ್ತದೆ, ಆದರೆ ಬಾಯೊಳಗೆ ನೋಡಿ ಹೇಳಬೇಕಾದ್ದಕ್ಕೆ, ನುಂಗುವ ವಿಷಯಕ್ಕೆ ಎದುರಿಗೇ ಹೋಗಬೇಕು.

ಎಲ್ಲರಿಗೂ ಮೈಸೂರು ಹತ್ತಿರ ಅಲ್ಲ. ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಧಾರವಾಡ, ಮಂಗಳೂರು, ಮಣಿಪಾಲದಲ್ಲೂ ಈ ವಿಷಯ ಕಲಿಸುವ ಕಾಲೇಜುಗಳಿವೆ. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸುವವರು ಅಲ್ಲೇ ಕೇಳಿ ನೋಡಿ. ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ನೋಡಿ, ಸ್ಪೀಚ್ ಥೆರಪಿಸ್ಟ್ ಅಂತ ಬೋರ್ಡ್ ಹಾಕಲು ಅದು ಇರಲೇಬೇಕು. ಆಮೇಲೆ ಕೇಳಬೇಕಾದ್ದು: ಬಾಯಿ ಕ್ಯಾನ್ಸರ್ ಆಪರೇಷನ್ ಆದವರಿಗೆ ಮೊದಲು ಥೆರಪಿ ಕೊಟ್ಟಿದ್ದೀರಾ, ಕನ್ನಡದಲ್ಲೇ ಮಾಡಿಸುತ್ತೀರಾ. ಉತ್ತರ ಕರ್ನಾಟಕದವರು, ಕರಾವಳಿಯವರು, ತುಳು, ಕೊಂಕಣಿ, ಉರ್ದು ಮಾತಾಡುವವರು ತಮ್ಮ ಮನೆಮಾತಿನಲ್ಲೇ ಪಟ್ಟಿ ಮಾಡಿಸಿ ಅಂತ ಕೇಳಿ.

ಆಪರೇಷನ್ ಇನ್ನೂ ಆಗದವರು ಇದನ್ನು ಓದುತ್ತಿದ್ದರೆ, ಆಪರೇಷನ್ನಿಗೆ ಮೊದಲೇ ಒಂದು ಸಲ ಥೆರಪಿಸ್ಟನ್ನು ನೋಡಿ ಬನ್ನಿ, ಫೋನಿನಲ್ಲಿ ನಿಮ್ಮ ಮಾತು ಒಂದಿಷ್ಟು ರೆಕಾರ್ಡ್ ಮಾಡಿ ಇಡಿ. ನೀವು ಹೇಗೆ ಮಾತಾಡುತ್ತಿದ್ದಿರಿ ಅಂತ ಅವರಿಗೂ ಗೊತ್ತಾಗುತ್ತದೆ. ಆಗಿರುವವರು ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ರೇಡಿಯೇಷನ್ ಕಾಗದ, ಒಂದು ಕೈಕನ್ನಡಿ, ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಜೊತೆಗೆ ಮನೆಯಲ್ಲಿ ನಿಮ್ಮ ಮಾತು ಹೆಚ್ಚು ಕೇಳುವವರು ಯಾರೋ ಅವರನ್ನು ಕರೆದುಕೊಂಡು ಹೋಗಿ, ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ.